ಬಾಣಂತಿ ಕೋಣೆಯ ಹಸಿ ಗೋಡೆ

ಗೋಡೆ ಎಂದರೆ ಒಂದೇ ಎಂದು ತಿಳಿದು ಬೆಳೆದವನು ನಾನು. ಮೈಸೂರಿನ ಕಡೆ ಗೋಡೆಗೆ ಒಳಮೈ, ಹೊರಮೈ ಎಂದು ಎರಡು ಮೈ ಇರುತ್ತವೆ, ಗೋಡೆ ಮಾತ್ರ ಒಂದೇ. ಆಚೆಯಿಂದ ಮೊಳೆ ಹೊಡೆದರೆ ಈಚೆಯ ಸುಣ್ಣ ಉದುರುತ್ತದೆ. ಆಚೆಯವರು ಜಗಳವಾಡಿದರೆ ಈಚೆಯವರು ರೇಡಿಯೋ ಸದ್ದು ತಗ್ಗಿಸಿ ಕೂರುತ್ತಾರೆ. ಅಷ್ಟು ಸರಳ. ಹಾಲೆಂಡಿಗೆ ಬಂದ ಮೇಲೆಯೇ ನನಗೆ ಗೊತ್ತಾದದ್ದು, ಇಲ್ಲಿಯ ಮನೆಗಳಿಗೆ ಗೋಡೆ ಎರಡೆರಡು ಎಂದು. ಹೊರಗೊಂದು ಇಟ್ಟಿಗೆ ಗೋಡೆ, ಒಳಗೊಂದು ಗೋಡೆ, ನಡುವೆ ಬೆಕ್ಕಿನ ಮರಿಯೂ ನುಸುಳಲಾರದಷ್ಟು ಸಣ್ಣದೊಂದು ಸಂದು. ಹೊರಗಿನದು ಮಳೆಯಲ್ಲಿ ನೆನೆಯಲಿಕ್ಕೆ, ಒಳಗಿನದು ಮನೆಯವರು ಒರಗಿಕೊಳ್ಳಲಿಕ್ಕೆ, ನಡುವಿನ ಸಂದು ಅವರ ಕಷ್ಟ ಇವರಿಗೆ ಮುಟ್ಟದಿರಲಿಕ್ಕೆ. ಆ ಸಂದಿಗೆ ಇಲ್ಲಿಯ ಡಚ್ ಭಾಷೆಯಲ್ಲಿ ಸ್ಪೌ ಎನ್ನುತ್ತಾರೆ. ಇಂಥ ಒಳ್ಳೆಯ ಏರ್ಪಾಟನ್ನು ಹಾಗೆಯೇ ಬಿಟ್ಟಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ಖಾಲಿ ಜಾಗ ಕಂಡರೆ ಮನುಷ್ಯನ ಕೈ ಸುಮ್ಮನಿರುವುದಿಲ್ಲ. ನಾವು ಅಟ್ಟ ಕಂಡರೆ ಹಳೆಯ ತಪ್ಪಲೆ ತುಂಬುತ್ತೇವೆ, ಮಂಚದ ಕೆಳಗೆ ಜಾಗ ಕಂಡರೆ ಸೂಟ್‌ಕೇಸು ತುರುಕುತ್ತೇವೆ. ಇವರು ಸ್ಪೌ ಕಂಡರೆ ಅದರೊಳಗೆ ಉಣ್ಣೆ ತುಂಬುತ್ತಾರೆ. ಕುರಿಯ ಉಣ್ಣೆಯಲ್ಲ, ಕಲ್ಲನ್ನು ಕರಗಿಸಿ ನೂಲಿನ ಹಾಗೆ ಎಳೆದು ಮಾಡಿದ ಒಂದು ಬಗೆಯ ಉಣ್ಣೆ. ಗೋಡೆಗೆ ತೂತು ಕೊರೆದು, ಕೊಳವೆಯಲ್ಲಿ ಊದಿ, ತೂತು ಮುಚ್ಚಿಬಿಟ್ಟರೆ ಮನೆಗೆ ಒಳಗಿನಿಂದ ಸ್ವೆಟರ್ ತೊಡಿಸಿದಂತೆ. ಚಳಿಗಾಲದಲ್ಲಿ ಬೆಚ್ಚಗಿರುತ್ತದೆ. ಇರಬೇಕು.

ಇಸವಿ ಎರಡು ಸಾವಿರ ಸಮೀಪಿಸುತ್ತಿದ್ದ ಕಾಲ ಅದು. ಲೋಕದ ಹಳೆಯ ಕಂಪ್ಯೂಟರುಗಳೆಲ್ಲ ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ಬರೆದಿಟ್ಟುಕೊಂಡಿವೆ, ಎರಡು ಸೊನ್ನೆ ಬಂದ ಕೂಡಲೇ ತಲೆ ತಿರುಗಿ ಹಿಂದಿನ ಶತಮಾನಕ್ಕೆ ಹೋಗಿ ಕೂತುಬಿಡುತ್ತವೆ ಎಂದು ಎಲ್ಲರಿಗೂ ಭಯ. ಆ ಭಯದಿಂದ ಅನ್ನ ಕಂಡವರಲ್ಲಿ ನಾನೂ ಒಬ್ಬ. ಯೂಟ್ರೆಕ್ಟಿನ ದಕ್ಷಿಣಕ್ಕಿರುವ ನ್ಯೂವೆಗೈನ್ ಎಂಬ ಊರಿನ ಕಚೇರಿಯೊಂದರಲ್ಲಿ ಕೂತು, ಯಾರೋ ಹಿರಿಯರು ಜಾಗ ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದ ಮಾಡಿಟ್ಟ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ನೌಕರಿ. ಬೆಳಗಿನಿಂದ ಸಂಜೆವರೆಗೆ ಪರರ ತಪ್ಪು ಹುಡುಕಿ ಅದಕ್ಕೇ ಸಂಬಳ ಪಡೆಯುವವನಿಗೆ ತನ್ನ ಮೇಲೆ ಎಷ್ಟು ವಿಶ್ವಾಸ ಬೆಳೆಯುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ. ಸಾಲದ್ದಕ್ಕೆ ನಾನು ಕಾಲೇಜಿನಲ್ಲಿ ಓದಿದ್ದು ಸಿವಿಲ್ ಎಂಜಿನಿಯರಿಂಗ್. ಓದಿದ ಮೇಲೆ ನಿಂತು ಕಟ್ಟಿಸಿದ್ದು ನಮ್ಮ ಮನೆಯ ಕಾಂಪೌಂಡ್ ಗೋಡೆಯೊಂದನ್ನೇ. ಅದು ಒಂದೇ ಮಳೆಗಾಲದಲ್ಲಿ ಪಕ್ಕದ ಮನೆಯವರ ಕರಿಬೇವಿನ ಗಿಡದ ಕಡೆಗೆ ವಾಲಿತು. ಗಿಡವೇ ಅದನ್ನು ಎಳೆದಿರಬೇಕೆಂದು ನಾನು ಈಗಲೂ ನಂಬಿದ್ದೇನೆ. ಆ ಗೋಡೆಯನ್ನು ನೋಡಿದ ಮೇಲೆಯೇ ನಮ್ಮಪ್ಪ, "ನೀನು ಕಂಪ್ಯೂಟರ್ ಕಲಿ, ಬೀಳೋ ಅಂಥದ್ದೇನೂ ಇರಲ್ಲ ಅದ್ರಲ್ಲಿ" ಎಂದದ್ದು. ಹೀಗೆ ನನ್ನ ಕೈಯಿಂದ ಗೋಡೆ ತಪ್ಪಿತಾದರೂ, ಗೋಡೆಯ ವಿಷಯದಲ್ಲಿ ನನ್ನ ಅಭಿಪ್ರಾಯಗಳು ಗಟ್ಟಿಯಾಗಿಯೇ ಉಳಿದವು.

ನಾವು ಬಾಡಿಗೆಗೆ ಹಿಡಿದದ್ದು ಸಾಲುಮನೆಗಳಲ್ಲಿ ಕಟ್ಟಕಡೆಯದು. ಪಶ್ಚಿಮದ ಗೋಡೆಗೆ ಆಸರೆ ಯಾರೂ ಇಲ್ಲ, ಅದರಾಚೆ ಹುಲ್ಲು, ಕಾಲುವೆ, ಆಮೇಲೆ ಬರೀ ಆಕಾಶ. ಮಳೆ ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು ಆ ಗೋಡೆಗೆ ಅಪ್ಪಳಿಸುತ್ತಿತ್ತು. ಮನೆಯ ಮಾಲೀಕರು ಮೆನೇರ್ ಬಾಕರ್, ಮೆನೇರ್ ಎಂದರೆ ನಮ್ಮ ಶ್ರೀಯುತರು ಇದ್ದಂತೆ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಈ ಮನೆಯನ್ನು ನಮಗೆ ಕೊಟ್ಟು ಹತ್ತಿರದಲ್ಲೇ ಒಂದು ಫ್ಲ್ಯಾಟಿಗೆ ಹೋಗಿದ್ದರು. ಕಂಬದಷ್ಟು ಎತ್ತರ, ಸೈಕಲ್ ಮೇಲೆ ಕೂತರೂ ನೆಟ್ಟಗೆ. ಮನೆ ತೋರಿಸಲು ಬಂದ ಮೊದಲ ದಿನವೇ ಅವರು ಪಶ್ಚಿಮದ ಗೋಡೆಯನ್ನು ಕುದುರೆಯ ಬೆನ್ನು ತಟ್ಟಿದಂತೆ ತಟ್ಟಿ, "ಇದರೊಳಗೆ ಉಣ್ಣೆ ಇದೆ. ನಾನೇ ತುಂಬಿಸಿದ್ದು. ಈ ಸಾಲಿನಲ್ಲಿ ಇಷ್ಟು ಬೆಚ್ಚಗಿನ ಮನೆ ಇನ್ನೊಂದಿಲ್ಲ" ಎಂದಿದ್ದರು. ನನ್ನ ಹೆಂಡತಿ ಭಾರತಿ ಧಾರವಾಡದವಳು, ಸೆಪ್ಟೆಂಬರಿನಲ್ಲೇ ಎರಡು ಸ್ವೆಟರ್ ಹಾಕುವವಳು. ಆ ಒಂದು ಮಾತಿಗೇ ಮನೆ ಒಪ್ಪಿಬಿಟ್ಟಳು.

ಮೊದಲು ಕಂಡದ್ದು ಮಹಡಿಯ ಮೇಲಿನ ಕೋಣೆಯಲ್ಲಿ, ಪಶ್ಚಿಮದ ಗೋಡೆಯ ಮೂಲೆಗೆ, ಕಾಫಿ ಚೆಲ್ಲಿದಂಥ ಒಂದು ಕಲೆ. ಒರೆಸಿದೆವು. ಮತ್ತೆ ಬಂತು. ಈ ಸಲ ಅಂಚಿನಲ್ಲಿ ಕಪ್ಪು ಚುಕ್ಕೆಗಳೊಡನೆ. ಒಂದು ವಾರದಲ್ಲಿ ಗೋಡೆಕಾಗದ ಅಲ್ಲಿ ಉಬ್ಬಿತು, ಬೂಷ್ಟಿನ ವಾಸನೆ ಬಟ್ಟೆಯ ಕಪಾಟಿಗೂ ಹತ್ತಿತು. ಬೇರೆ ಕಾಲವಾಗಿದ್ದರೆ ಆ ಕೋಣೆಯ ಬಾಗಿಲು ಎಳೆದು ಮರೆತುಬಿಡುತ್ತಿದ್ದೆವೋ ಏನೋ. ಆದರೆ ಭಾರತಿಗೆ ಆಗ ದಿನ ತುಂಬಿತ್ತು. ಬಾಣಂತನಕ್ಕೆಂದು ಧಾರವಾಡದಿಂದ ಅತ್ತೆಯವರು ಬಂದಿಳಿದಿದ್ದರು. ಮನೆಯಲ್ಲಿ ತಕ್ಕಮಟ್ಟಿಗೆ ದೊಡ್ಡದಾದ, ಸ್ನಾನದ ಮನೆಗೆ ಹತ್ತಿರವಾದ, ಬಾಣಂತಿಗೆ ಹೇಳಿಮಾಡಿಸಿದಂಥ ಕೋಣೆ ಅದೊಂದೇ.

ಅತ್ತೆಯವರು ಬಂದ ದಿನವೇ ಕೋಣೆಯೊಳಗೆ ಕಾಲಿಟ್ಟು ಮೂಗು ಅರಳಿಸಿ, ಗೋಡೆಯ ಮೇಲೆ ಅಂಗೈ ಇಟ್ಟು, ಅಂಗೈಯನ್ನು ಸೀರೆಗೆ ಒರೆಸಿಕೊಂಡರು.

"ಏನ್ರೀ ಇದು, ಗ್ವಾಡಿ ಬೆವರ್ಲಿಕ್ಹತ್ತೇದಲ್ಲ! ನನ್ನ ಮಗಳನ್ನ ಇಲ್ಲೆ ಮಲಗಿಸ್ತೀರೇನು?"

"ಓನರ್‌ಗೆ ಹೇಳಿದೀನಿ ಅತ್ತೆ. ಶನಿವಾರ ಬರ್ತಾರೆ" ಎಂದೆ.

"ಕೂಸು ಶನಿವಾರದ ತನಕ ಕಾಯ್ತದೋ ಇಲ್ಲೋ."

ಕೂಸು ಕಾಯಲಿಲ್ಲ. ಶುಕ್ರವಾರ ಮಧ್ಯಾಹ್ನವೇ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಹುಟ್ಟಿದ ಮರುದಿನವೇ ತಾಯಿ ಮಗುವನ್ನು ಮನೆಗೆ ಕಳಿಸುವುದು ಈ ದೇಶದ ಪದ್ಧತಿ. ಆಮೇಲೆ ಒಂದು ವಾರ ಬಾಣಂತನದ ನರ್ಸ್ ಒಬ್ಬಳು ದಿನವೂ ಮನೆಗೆ ಬಂದು ಆರೈಕೆ ಮಾಡುತ್ತಾಳೆ. ನಮ್ಮ ಮನೆಗೆ ಬಂದಾಕೆ ಬಲು ಚುರುಕಿನ ಹೆಂಗಸು. ಬಂದವಳೇ ಕಿಟಕಿ ತೆರೆದಳು. ಅತ್ತೆಯವರು ಮುಚ್ಚಿದರು. ಆಕೆ ನಕ್ಕು ತೆರೆದಳು. ಅತ್ತೆಯವರು ನಗದೆ ಮುಚ್ಚಿದರು. "ಖಿಡಕಿ ತಗದ್ರ ಬಾಣಂತಿಗೆ ಗಾಳಿ ಹೊಡೀತದ ಅಂತ ಹೇಳ್ರಿ ಆಕಿಗೆ" ಎಂದು ನನಗೆ ಹೇಳಿದರು. "ಕೋಣೆಗೆ ತಾಜಾ ಗಾಳಿ ಬೇಕು ಎಂದು ನಿಮ್ಮ ಅತ್ತೆಗೆ ಹೇಳಿ" ಎಂದು ಆಕೆ ನನಗೆ ಹೇಳಿದಳು. ಎರಡು ಮಾತನ್ನೂ ನಾನು ಎರಡೂ ಕಡೆಗೆ ದಾಟಿಸಿ, ಎರಡೂ ಕಡೆಯಿಂದ ಬೈಸಿಕೊಂಡೆ. ಆದರೆ ಆ ಮೂಲೆಯ ಕಪ್ಪನ್ನು ಕಂಡಾಗ ಮಾತ್ರ ಇಬ್ಬರ ಮುಖವೂ ಒಂದೇ ಥರ ಆಯಿತು. "ಈ ಗೋಡೆಯ ಹತ್ತಿರ ಮಗುವನ್ನು ಮಲಗಿಸಬೇಡಿ" ಎಂದು ಆಕೆ ತೊಟ್ಟಿಲನ್ನು ತಾನೇ ಎಳೆದು ಬಾಗಿಲ ಬಳಿ ಇಟ್ಟಳು. ಅತ್ತೆಯವರು ತರ್ಜುಮೆ ಕೇಳದೆಯೇ ತಲೆಯಾಡಿಸಿದರು.

ಹೆರಿಗೆಯ ಗಡಿಬಿಡಿಯಲ್ಲಿ ಒಂದು ವಾರ ಮುಂದಕ್ಕೆ ಹೋಗಿ, ಮರು ಶನಿವಾರ ಮೆನೇರ್ ಬಾಕರ್ ಬಂದರು. ಮಗುವಿಗೆಂದು ಉಣ್ಣೆಯ ಟೊಪ್ಪಿಗೆಯೊಂದನ್ನು ತಂದಿದ್ದರು. ಅದನ್ನು ಕೊಟ್ಟು, ಮಗುವನ್ನು ಹೊಗಳಿ, ಮೂಲೆಯ ಕಲೆಯನ್ನು ನೋಡುವ ಮೊದಲು ಇಡೀ ಮನೆಯನ್ನು ಒಂದು ಸುತ್ತು ಹಾಕಿದರು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಬಾಣಂತನ ಸರಿಯಾಗಿಯೇ ಕುದುರಿಕೊಂಡಿತ್ತು. ಒಲೆಯ ಮೇಲೆ ಬಾಣಂತಿಯ ಸ್ನಾನಕ್ಕೆ ದೊಡ್ಡ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ಪಕ್ಕದಲ್ಲಿ ಮೆಂತ್ಯದ ಗಂಜಿ. ಕುಕ್ಕರು ಕೂಗುತ್ತಿತ್ತು. ಪ್ರತಿಯೊಂದು ರೇಡಿಯೇಟರಿನ ಮೇಲೂ ಲಂಗೋಟಿ, ಕುರ್ಚಿಗಳ ಬೆನ್ನಿಗೆ ದುಪಟಿ, ಮೆಟ್ಟಿಲ ಕಟಕಟೆಯ ಉದ್ದಕ್ಕೂ ಅತ್ತೆಯವರ ಒಂಬತ್ತು ಗಜದ ಸೀರೆ. ಅಂಗಡಿಯಲ್ಲಿ ಸಿಗುವ ಡಯಾಪರುಗಳನ್ನು ಅತ್ತೆಯವರು ಒಂದೇ ನೋಟದಲ್ಲಿ ತಳ್ಳಿಹಾಕಿದ್ದರು. ಮೆನೇರ್ ಬಾಕರ್ ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು. ಗೆರೆಯ ತುದಿಯಿಂದ ನೀರು ಇಳಿಯಿತು. ಅವರು ನನ್ನನ್ನು ನೋಡಿ ಒಂದೇ ಪದ ಹೇಳಿದರು.

"ವೆಂಟಿಲೇರೆನ್."

ಗಾಳಿ ಆಡಬೇಕು ಎಂದರ್ಥ. ಈ ದೇಶದಲ್ಲಿ ಗೋಡೆ ಹಸಿಯಾದರೂ, ತಲೆ ನೋವು ಬಂದರೂ, ಗಂಡ ಹೆಂಡಿರಿಗೆ ಮಾತು ನಿಂತರೂ ಮೊದಲ ಔಷಧಿ ಇದೇ. ನಾನು ಅವರನ್ನು ಮೇಲೆ ಕರೆದುಕೊಂಡು ಹೋಗಿ, ಗೋಡೆಯ ಮುಂದೆ ನಿಂತು, ಸಿವಿಲ್ ಎಂಜಿನಿಯರನಾಗಿ ಮಾತಾಡಿದೆ. ಮಳೆ ಹೊರಗೋಡೆಯನ್ನು ನೆನೆಸುತ್ತದೆ. ಸಂದು ಖಾಲಿ ಇದ್ದರೆ ನೀರು ಅಲ್ಲೇ ಕೆಳಗಿಳಿದು ಹೋಗುತ್ತದೆ. ನೀವು ಉಣ್ಣೆ ತುಂಬಿ ಅದಕ್ಕೆ ಸೇತುವೆ ಕಟ್ಟಿದ್ದೀರಿ, ಅದು ದಾಟಿಕೊಂಡು ಒಳಗೆ ಬರುತ್ತಿದೆ. ನನ್ನ ಕೈಗಳು ಮಳೆಯಾಗಿ, ಗೋಡೆಯಾಗಿ, ಸೇತುವೆಯಾಗಿ ಆಡುತ್ತಿದ್ದವು. ಮೆನೇರ್ ಬಾಕರ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ, "ಉಣ್ಣೆಯಲ್ಲಿ ತಪ್ಪಿಲ್ಲ. ನಾವು ಈ ಮನೆಯಲ್ಲಿ ಇಷ್ಟು ವರ್ಷ ಇದ್ದೆವು, ಒಂದು ಚುಕ್ಕೆ ಬಂದಿರಲಿಲ್ಲ. ಆದರೆ ನಾವು ಆಲೂಗಡ್ಡೆ ಬೇಯಿಸುತ್ತಿದ್ದೆವು, ಸರೋವರವನ್ನಲ್ಲ" ಎಂದರು.

ಅವರು ಹೋದ ಮೇಲೆ ಅತ್ತೆಯವರು ಕೇಳಿದರು, "ಏನಂದ್ರು ಮಾಸ್ತರು?" ಶಾಲೆಯಲ್ಲಿ ಕಲಿಸಿದವರು ಎಂದು ಗೊತ್ತಾದ ಕ್ಷಣದಿಂದ ಅವರು ಅತ್ತೆಯವರ ಬಾಯಲ್ಲಿ ಮಾಸ್ತರು. ಸುಮ್ಮನೆ ಏನೋ ಹೇಳಿ ತೇಲಿಸಿಬಿಡಬೇಕಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಾ ಕಾಸಿದ ನೀರಿಂದ ಇವರ ಗ್ವಾಡಿ ಕೊಳೀತಂತ?" ಅತ್ತೆಯವರು ಸೌಟನ್ನು ಕೆಳಗಿಟ್ಟರು. "ನಾಕು ಬಾಣಂತನ ಮಾಡೇನಿ ನಾ. ಯಾರ ಮನಿ ಗ್ವಾಡಿನೂ ಬಿದ್ದಿಲ್ಲ."

"ಅವ್ವಾ, ಬಿದ್ದದ ಅಂದಿಲ್ಲವ್ವ ಅವರು, ಹಸಿ ಆಗೇದ ಅಂದಾರ" ಎಂದಳು ಭಾರತಿ ಮೇಲಿನಿಂದ. ಯಾವ ಸಮಾಧಾನವೂ ಆಗಲಿಲ್ಲ. ಮರುದಿನದಿಂದ ಅತ್ತೆಯವರು ಮಗಳ ಸ್ನಾನದ ನೀರಿಗೆ ಪಾತ್ರೆ ಇಡುವಾಗ ನನ್ನನ್ನು ಕರೆದು, "ಇಷ್ಟು ನೀರು ಕಾಸಬಹುದೇನು, ಕೇಳಿ ಬರ್ರಿ ನಿಮ್ಮ ಮಾಸ್ತರನ್ನ" ಎನ್ನುವುದಕ್ಕೆ ಶುರುಮಾಡಿದರು. ಬಾಣಂತನದ ಮನೆಯಲ್ಲಿ ಅಜ್ಜಿಗೆ ಅವಮಾನವಾದರೆ ಅದನ್ನು ತೊಳೆಯುವ ಭಾರ ಅಳಿಯನದು. ನಾನು ಪ್ರಯೋಗಕ್ಕಿಳಿದೆ.

ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಕತ್ತರಿಸಿ, ಹಸಿ ಮೂಲೆಯ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಹಚ್ಚಿದೆ. ತತ್ವ ಸುಲಭ. ನೀರು ಗೋಡೆಯೊಳಗಿಂದ ಬರುತ್ತಿದ್ದರೆ ಹಾಳೆಯ ಹಿಂಬದಿ ಒದ್ದೆಯಾಗುತ್ತದೆ. ಮನೆಯ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದ್ದರೆ ಮುಂಬದಿ ಒದ್ದೆಯಾಗುತ್ತದೆ. ಕಚೇರಿಯಲ್ಲೂ ಇದನ್ನು ಎಲ್ಲರಿಗೂ ವಿವರಿಸಿದೆ. ಬೆಸ್ಟ್ ಎಂಬ ಹೆಸರಿನ ಊರಿನಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಬೆಂಗಳೂರಿನ ಗೆಳೆಯನೊಬ್ಬ ಊಟದ ಹೊತ್ತಿಗೆ ಬಂದು, "ಏನಪ್ಪಾ, ರಿಸಲ್ಟ್ ಬಂತಾ?" ಎಂದು ಕೇಳುವುದು ರೂಢಿಯಾಯಿತು. ರಿಸಲ್ಟ್ ಬಂತು. ಟೇಪು ಬಿಚ್ಚಿ ನೋಡಿದರೆ ಹಾಳೆಯ ಹಿಂಬದಿ ಒದ್ದೆ. ನಾನು ಗೆದ್ದೆ ಎಂದು ಕೂಗುವಷ್ಟರಲ್ಲಿ ಕೈಗೆ ಮುಂಬದಿಯೂ ಒದ್ದೆ ಹತ್ತಿತು.

ವಿಜ್ಞಾನ ಇಂಥ ಸಮಯದಲ್ಲೇ ಕೈ ಕೊಡುವುದು. ನಾನು ಮುಂಬದಿಯನ್ನು ಒರೆಸಿ ಮೆನೇರ್ ಬಾಕರ್ ಅವರನ್ನು ಬರಮಾಡಿಕೊಂಡೆ. ಹಿಂಬದಿಯನ್ನು ತೋರಿಸಿದೆ. ಅವರು ಹಾಳೆಯನ್ನು ತಿರುವಿ ನೋಡಿದರು. ಅಷ್ಟರಲ್ಲಿ ಕೆಳಗಡೆ ಅತ್ತೆಯವರು ನೀರಿನ ಪಾತ್ರೆಯ ಮುಚ್ಚಳ ತೆಗೆದಿದ್ದರೆಂದು ಕಾಣುತ್ತದೆ, ನಮ್ಮ ಕಣ್ಣೆದುರಿಗೇ ಹಾಳೆಯ ಮುಂಬದಿಯ ಮೇಲೆ ಮಂಜು ಕೂತಿತು.

"ಹಾಂ" ಎಂದರು ಮೆನೇರ್ ಬಾಕರ್.

"ಹಿಂಬದಿ ನೋಡಿ" ಎಂದೆ ನಾನು.

"ಮುಂಬದಿ ನೋಡಿ" ಎಂದರು ಅವರು.

ಓದಿಕೊಂಡ ಇಬ್ಬರು ಗಂಡಸರು ಒಂದು ತುಂಡು ಹಾಳೆಯನ್ನು ಆಚೆಯಿಂದೀಚೆಗೆ ತಿರುಗಿಸುತ್ತ ನಿಂತಿದ್ದೆವು. ಭಾರತಿ ಹಾಸಿಗೆಯಲ್ಲಿ ಮಗುವಿಗೆ ಹಾಲೂಡುತ್ತಿದ್ದವಳು ಸೆರಗು ಸರಿಪಡಿಸಿಕೊಂಡು, "ರೀ, ನೀವಿಬ್ರೂ ಕೆಳಗೆ ಹೋಗಿ ಫೈಟ್ ಮಾಡ್ತೀರಾ? ಪಾಪು ಎದ್ದುಬಿಡುತ್ತೆ" ಎಂದಳು.

ನವೆಂಬರಿನ ಕೊನೆಗೆ ದೊಡ್ಡ ಗಾಳಿಮಳೆ ಬಂತು. ಎರಡು ದಿನ ಬಿಡದೆ ಪಶ್ಚಿಮದಿಂದ ಹೊಡೆಯಿತು. ಕಲೆ ಮೂಲೆ ಬಿಟ್ಟು ಗೋಡೆಯ ನಡುವಿಗೆ ಬಂತು. ಗೋಡೆಕಾಗದ ಒಂದು ಕಡೆ ತಾನಾಗಿ ಕಿತ್ತು ನಾಲಿಗೆಯ ಹಾಗೆ ಜೋತುಬಿತ್ತು. ಮಗುವಿಗೆ ಮೂಗು ಕಟ್ಟಿತು. ಹಾಲು ಕುಡಿಯುವಾಗ ಉಸಿರಿಗೆ ಸಿಕ್ಕಿಕೊಂಡು ಅಳುತ್ತಿತ್ತು. ಡಾಕ್ಟರು ನೋಡಿ, ಎದೆ ಚೆನ್ನಾಗಿದೆ, ಆದರೆ ಒಣಗಿದ ಕೋಣೆಯಲ್ಲಿಡಿ ಎಂದರು. ನಾವು ಹಾಸಿಗೆ ತೊಟ್ಟಿಲು ಎಲ್ಲವನ್ನೂ ಕೆಳಗಿನ ಹಜಾರಕ್ಕೆ ಇಳಿಸಿದೆವು. ಭಾರತಿ ನನ್ನ ಮೇಲೆ ರೇಗಲಿಲ್ಲ. ಸೋಫಾದ ಮೂಲೆಯಲ್ಲಿ ಮಗುವನ್ನು ಎದೆಗವಚಿಕೊಂಡು ಕೂತಿದ್ದಳು ಅಷ್ಟೆ. ನನ್ನ ತತ್ವ, ಪ್ರಯೋಗ, ಸೇತುವೆ ಯಾವುದೂ ಆಗ ನನಗೆ ಅಷ್ಟು ರುಚಿಸಲಿಲ್ಲ.

ಮಳೆ ನಿಂತ ಬೆಳಿಗ್ಗೆ ಮೆನೇರ್ ಬಾಕರ್ ತಾವಾಗಿಯೇ ಬಂದರು. ಹೆಂಚು ಹಾರಿದೆಯೇ ನೋಡಲು ಬಂದದ್ದು. ಅತ್ತೆಯವರು ಬಾಗಿಲಲ್ಲೇ ಅವರ ಕೋಟಿನ ತೋಳು ಹಿಡಿದರು. ನಾನು ಗಾಬರಿಯಾದೆ. ಅವರು ಮಾಸ್ತರನ್ನು ಮೆಟ್ಟಿಲು ಹತ್ತಿಸಿಕೊಂಡು ಹೋಗಿ, ಖಾಲಿ ಕೋಣೆಯಲ್ಲಿ ನಿಲ್ಲಿಸಿ, ಅವರ ಅಂಗೈಯನ್ನು ತಮ್ಮ ಕೈಯಿಂದಲೇ ಎತ್ತಿ ಗೋಡೆಯ ಮೇಲಿಟ್ಟರು. ಆಮೇಲೆ ಕೆಳಗೆ ಕರೆತಂದು, ಅದೇ ಅಂಗೈಯನ್ನು ಮಗುವಿನ ಬೆನ್ನಿನ ಮೇಲಿಟ್ಟರು. ಮಗು ಉಸಿರೆಳೆದಾಗಲೆಲ್ಲ ಮೂಗಿನಲ್ಲಿ ಗೊರ ಗೊರ ಸದ್ದಾಗುತ್ತಿತ್ತು. ನನಗೆ ತರ್ಜುಮೆಗೆ ಏನೂ ಇರಲಿಲ್ಲ. ಬಗ್ಗಿದ್ದ ಮೆನೇರ್ ಬಾಕರ್ ನೆಟ್ಟಗಾಗಿ, "ನಾನು ಡ್ರಿಲ್ ತರುತ್ತೇನೆ" ಎಂದು ಸೈಕಲ್ ಹತ್ತಿದರು.

ಹೊರಗಿನಿಂದ, ಎರಡು ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ಅವರೇ ತೂತು ಕೊರೆದರು. ನಾನು ಏಣಿ ಹಿಡಿದಿದ್ದೆ. ಗಾರೆ ಹಳೆಯದಾಗಿ ಪುಡಿಪುಡಿಯಾಗಿತ್ತು, ಡ್ರಿಲ್ಲಿಗೆ ಹೆಚ್ಚು ಕೆಲಸವೇ ಬೀಳಲಿಲ್ಲ. ತುದಿ ಬಗ್ಗಿಸಿದ ತಂತಿಯೊಂದನ್ನು ಒಳಗೆ ತೂರಿಸಿ ಎಳೆದಾಗ ಉಣ್ಣೆಯ ಒಂದು ಮುದ್ದೆ ಬಂತು. ಅದರ ಹಿಂದೆಯೇ ತಂತಿಗುಂಟ ನೀರು ಇಳಿದು ಅವರ ಕೋಟಿನ ತೋಳಿನೊಳಗೆ ಹೋಯಿತು. ನನ್ನ ಬಾಯಲ್ಲಿ ವಿಜಯದ ಭಾಷಣ ತಯಾರಾಗಿತ್ತು, ಇಂಗ್ಲಿಷಿನಲ್ಲಿ, ನಡುವೆ ಒಂದೆರಡು ಡಚ್ ಪದಗಳೊಂದಿಗೆ. ಮೆನೇರ್ ಬಾಕರ್ ಏಣಿ ಇಳಿದು ಆ ಮುದ್ದೆಯನ್ನು ಮುಷ್ಟಿಯಲ್ಲಿ ಹಿಂಡಿದರು. ಬೆರಳುಗಳ ಸಂದಿನಿಂದ ನೀರು ಸುರಿಯಿತು. ಅವರು ಅದನ್ನು ಎಸೆಯಲಿಲ್ಲ. ಹಿಡಿದುಕೊಂಡೇ ಇದ್ದರು.

"ರಿಯಾಗೆ ಯಾವಾಗಲೂ ಚಳಿ" ಎಂದರು. ರಿಯಾ ಅವರ ತೀರಿಕೊಂಡ ಹೆಂಡತಿ. "ಮೇಲಿನ ಆ ಮೂಲೆಯಲ್ಲೇ ಅವಳ ಕುರ್ಚಿ ಇತ್ತು. ಕಾಲುವೆ ಕಾಣುತ್ತದೆಂದು ಅಲ್ಲೇ ಕೂರಬೇಕು, ಚಳಿ ಎಂದು ಕೋಟು ಹಾಕಿಕೊಂಡೇ ಕೂರಬೇಕು. ನಾನು ಪ್ರತಿ ವರ್ಷ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದೆ. ಕೊನೆಗೆ ಅವಳಿಗೆ ಹುಷಾರಿಲ್ಲದಾಗ ತುಂಬಿಸಿದೆ. ಆ ಚಳಿಗಾಲ ಅವಳು ಬರೀ ಬ್ಲೌಸಿನಲ್ಲಿ ಕೂತಿದ್ದಳು. ನೋಡು, ನೋಡು, ತೋಳಿಲ್ಲದ್ದು, ಎಂದು ನನಗೆ ತೋರಿಸಿದಳು. ಅದೊಂದೇ ಚಳಿಗಾಲ."

ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. "ಹೆಂಡ್ತಿ ಸುದ್ದಿ ಹೇಳ್ಲಿಕ್ಹತ್ತಾರೇನು?" ಎಂದು ಕೇಳಿದರು. ಹೌದೆಂದೆ. "ಒಳಗ ಕರೀರಿ ಅವರನ್ನ. ಥಂಡಿ ಅದ" ಎಂದರು.

ಊಟದ ಮೇಜಿನ ಮುಂದೆ ಕೂರಿಸಿ, ಬಾಣಂತಿಗೆಂದು ಮಾಡಿಟ್ಟ ಅಂಟಿನುಂಡೆಯನ್ನು ತಟ್ಟೆಯಲ್ಲಿಟ್ಟು ಮುಂದೆ ತಳ್ಳಿದರು. ಆ ಉಂಡೆಯನ್ನು ಅಳಿಯನಾದ ನಾನು ಅದುವರೆಗೆ ಕೇಳಿ ಪಡೆಯಬೇಕಾಗಿತ್ತು. ಮೆನೇರ್ ಬಾಕರ್ ಕಚ್ಚಿದರು, ಕಷ್ಟಪಟ್ಟು ಅಗಿದರು, ಮತ್ತೆ ಕಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಳಿದ್ದು ಸರಿ. ಉಣ್ಣೆಯದೇ ತಪ್ಪು. ಎಲ್ಲ ತೆಗೆಸುತ್ತೇನೆ" ಎಂದರು.

ನಾನು ಆ ಮಾತಿಗಾಗಿ ವಾರಗಟ್ಟಲೆ ಕಾದಿದ್ದೆ. ಅದು ಬಂದಾಗ ನನ್ನ ಬಾಯಿಂದ ಹೊರಟದ್ದು, "ಛೆ, ಛೆ, ಉಣ್ಣೆ ಏನು ಮಾಡೀತು? ನಿಮ್ಮ ಗಾರೆ ಹಳೆಯದಾಗಿದೆ, ಮಳೆ ನುಗ್ಗಿದೆ. ಅದೂ ಅಲ್ಲದೆ ನಾವೂ ಬಹಳ ನೀರು ಕಾಯಿಸುತ್ತೇವೆ" ಎಂದು.

"ಇಲ್ಲ, ನೀರು ಕಾಯಿಸಿದ್ದಕ್ಕೆ ಗೋಡೆ ಹೀಗಾಗುವುದಿಲ್ಲ."

"ಯಾಕಾಗುವುದಿಲ್ಲ? ಹಾಳೆಯ ಮುಂಬದಿ ಒದ್ದೆಯಾಗಿದ್ದನ್ನು ನೀವೇ ನೋಡಿದಿರಲ್ಲ!"

"ಹಿಂಬದಿ ಅದಕ್ಕಿಂತ ಹೆಚ್ಚು ಒದ್ದೆಯಾಗಿತ್ತು!"

"ಲಂಗೋಟಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಮೆನೇರ್ ಬಾಕರ್!"

"ಲಂಗೋಟಿ ಎಷ್ಟು ನೀರು ಹಿಡಿದೀತು? ನೀವು ಎಂಜಿನಿಯರ್ ತಾನೆ?"

ಹೀಗೆ ನಾವು ಹಿಂದಿನ ಶನಿವಾರಗಳಷ್ಟೇ ಬಿರುಸಿನಿಂದ, ಆದರೆ ಅವರ ಮಾತು ನಾನು, ನನ್ನ ಮಾತು ಅವರು ಆಡುತ್ತ ಜಗಳವಾಡಿದೆವು. ಅತ್ತೆಯವರು, "ಮತ್ತ ಯಾತಕ್ಕ ಹತ್ತೇದ ಜಗಳ?" ಎಂದು ಭಾರತಿಯನ್ನು ಕೇಳಿದರು. "ಮರ್ಯಾದಿ ಜಗಳ ಅವ್ವಾ, ನಡೀಲಿ ಬಿಡು" ಎಂದಳು ಅವಳು. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ನಗೆಯಿತ್ತು.

ಉಣ್ಣೆ ತೆಗೆಸುವ ದಿನ ಗೊತ್ತಾಯಿತು. ಅಲ್ಲಲ್ಲಿ ಇಟ್ಟಿಗೆ ಕಿತ್ತು, ದೊಡ್ಡ ಯಂತ್ರದಿಂದ ಸಂದಿನ ಉಣ್ಣೆಯನ್ನೆಲ್ಲ ಹೀರಿ ತೆಗೆಯಬೇಕು, ಆಮೇಲೆ ಗೋಡೆ ಒಣಗುವ ತನಕ ತೂತುಗಳನ್ನು ಹಾಗೆಯೇ ಬಿಡಬೇಕು, ಗಾರೆ ಹೊಸದಾಗಿ ತುಂಬಬೇಕು. ಡಿಸೆಂಬರಿನ ಚಳಿ. ಎಳೆಯ ಮಗುವನ್ನಿಟ್ಟುಕೊಂಡು ಅಂಥ ಮನೆಯಲ್ಲಿ ಇರುವುದೆಂತು? ನಾನು ಹೋಟೆಲು, ಗೆಳೆಯರ ಮನೆ ಎಂದು ಯೋಚಿಸುತ್ತಿರುವಾಗ ಮೆನೇರ್ ಬಾಕರ್ ಬಂದು, ತಮ್ಮ ಫ್ಲ್ಯಾಟಿನಲ್ಲಿ ಒಂದು ಕೋಣೆ ಖಾಲಿ ಇದೆ, ಲಿಫ್ಟ್ ಇದೆ, ಒಣಗಿದ ಗೋಡೆ ಇದೆ ಎಂದರು. "ಒಂದೆರಡು ದಿನ" ಎಂದೆ ನಾನು ಸಂಕೋಚದಿಂದ. ಅತ್ತೆಯವರು ಪಾತ್ರೆಗಳನ್ನು ಕಟ್ಟಿದ ರೀತಿ ನೋಡಿದರೆ ಒಂದೆರಡು ದಿನದ ಏರ್ಪಾಟಿನಂತೆ ಕಾಣಲಿಲ್ಲ. ಸಾಮಾನು ಕಾಯಲು, ಕೆಲಸದವರಿಗೆ ಬಾಗಿಲು ತೆಗೆಯಲು ಯಾರಾದರೂ ಇರಬೇಕಲ್ಲ ಎಂದು ನಾನು ಮನೆಯಲ್ಲೇ ಉಳಿದೆ. ಗೋಡೆಯ ವಿಷಯ ಬಲ್ಲವನು ನಾನೊಬ್ಬನೇ ಎಂದು ಸೇರಿಸಿದೆ. ಯಾರೂ ತಡೆಯಲಿಲ್ಲ.

ಯಂತ್ರ ದಿನವಿಡೀ ಗರ್ಜಿಸಿತು. ಹುಲ್ಲಿನ ಮೇಲೆ ಒದ್ದೆ ಉಣ್ಣೆಯ ಚೀಲಗಳು ಸಾಲಾಗಿ ಬಿದ್ದವು. ನಾನು ಕೈ ಹಿಂದೆ ಕಟ್ಟಿಕೊಂಡು ಅವುಗಳ ನಡುವೆ ಓಡಾಡಿ, ಕೆಲಸದವರಿಗೆ ಸೇತುವೆಯ ತತ್ವವನ್ನು ವಿವರಿಸಿದೆ. ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಿಸಿದಂತೆ ಕಾಣಲಿಲ್ಲ, ಆದರೆ ತಲೆಯಾಡಿಸಿದರು. ಸಂಜೆಯ ಹೊತ್ತಿಗೆ ಗೋಡೆ ಖಾಲಿಯಾಯಿತು; ಮನೆ ತಣ್ಣಗಾಯಿತು. ಮಹಡಿಯ ಕೋಣೆಯಲ್ಲಿ ಬಾಯಿಂದ ಬಿಟ್ಟ ಉಸಿರು ಹೊಗೆಯಾಗಿ ಕಾಣುತ್ತಿತ್ತು. ನಾನು ಕೋಟು ಹಾಕಿಕೊಂಡು, ಅದರ ಮೇಲೆ ಶಾಲು ಹೊದ್ದು, ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ.

ವಾರದ ಕೊನೆಯಲ್ಲಿ ಅವರನ್ನು ನೋಡಲು ಫ್ಲ್ಯಾಟಿಗೆ ಹೋದೆ. ಬಾಗಿಲು ತೆರೆದ ಕೂಡಲೇ ನನ್ನ ಕನ್ನಡಕ ಮಂಜಾಯಿತು. ಒರೆಸಿ ನೋಡಿದರೆ ಮೆನೇರ್ ಬಾಕರ್ ಬರೀ ಷರ್ಟಿನಲ್ಲಿ, ತೋಳು ಮಡಚಿ, ರೇಡಿಯೇಟರಿನ ಮೇಲೆ ಲಂಗೋಟಿ ಹರವುತ್ತಿದ್ದಾರೆ. ಗೋಡೆಯ ಮೇಲಿನ ದೊಡ್ಡ ಭೂಪಟದ ಮುಂದೆ ಸೀರೆ ಒಣಗುತ್ತಿತ್ತು, ಅದರ ಅಂಚಿನಿಂದ ದಕ್ಷಿಣ ಅಮೆರಿಕದ ತುದಿ ಮಾತ್ರ ಇಣುಕುತ್ತಿತ್ತು. ಅಡುಗೆಮನೆಯಲ್ಲಿ ನೀರು ಮರಳುತ್ತಿತ್ತು. ಮಗುವಿನ ಮೂಗು ಬಿಟ್ಟಿತ್ತು. ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಕೈಕಾಲು ಆಡಿಸುತ್ತಿತ್ತು. ಭಾರತಿಯ ಮುಖದಲ್ಲಿ ರಕ್ತ ತುಂಬಿಕೊಂಡಿತ್ತು. ನನಗೆ ಸಂತೋಷವಾಯಿತು. ಅದನ್ನು ತೋರಗೊಡಬಾರದೆಂದು, "ಎಷ್ಟು ಹಬೆ ಇಲ್ಲಿ! ಸ್ವಲ್ಪ ಕಿಟಕಿ ತೆಗೆಯಬಾರದೇ?" ಎಂದು ಕಿಟಕಿಯ ಕಡೆ ನಡೆದೆ.

ಮೆನೇರ್ ಬಾಕರ್ ಅಡ್ಡ ಬಂದು, ತೊಟ್ಟಿಲ ಕಡೆ ಕಣ್ಣು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು, ಪಿಸುಗುಟ್ಟಿದರು.

"ಗಾಳಿ!"

ಅಚ್ಚ ಕನ್ನಡದಲ್ಲಿ. ಉಚ್ಚಾರಣೆ ಧಾರವಾಡದ್ದು. ಅತ್ತೆಯವರು ಅಡುಗೆಮನೆಯಿಂದಲೇ, "ಛಲೋ ಹೇಳಿದ್ರಿ ನೋಡ್ರಿ ಮಾಸ್ತರ" ಎಂದರು. ನನ್ನ ಗೋಡೆ ಎಷ್ಟು ಒಣಗಿದೆ ಎಂದು ಹೇಳಲು ಬಾಯಿ ತೆರೆದೆ. ಭಾರತಿ, "ರೀ, ಡಬ್ಬೀಲಿ ಹುಳಿ ಅನ್ನ ಹಾಕಿದಾರೆ ಅವ್ವ. ಬಿಸಿ ಇರುವಾಗ್ಲೇ ತಗೊಂಡ್ಹೋಗಿ ತಿನ್ನಿ. ಇಲ್ಲಿ ಜಾಗ ಇಲ್ಲ ನೋಡಿ" ಎಂದಳು. ಒಂದೆರಡು ದಿನಕ್ಕೆಂದು ಹೋದವರು ಯುಗಾದಿಯ ಹೊತ್ತಿಗೆ, ಅತ್ತೆಯವರು ಊರಿಗೆ ಹೊರಡುವ ವಾರ, ಮನೆಗೆ ಬಂದರು.

ಆ ದಿನ ಫ್ಲ್ಯಾಟಿನಿಂದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದು, ಮೆಟ್ಟಿಲು ಹತ್ತಿ, ಕೋಟಿನಲ್ಲೇ ಗೋಡೆಯ ಮುಂದೆ ನಿಂತೆ. ಮುಟ್ಟಿ ನೋಡಿದೆ. ಮೂಲೆ, ನಡು, ಕೆಳಗೆ, ಎಲ್ಲೆಡೆ. ನಾನು ಹೇಳಿದ್ದಕ್ಕೆ ತಕ್ಕಂತೆಯೇ ಗೋಡೆ ಒಣಗಿತ್ತು. ಇನ್ನು ಅದರಲ್ಲಿ ಯಾರೂ ಅನುಮಾನ ಪಡುವಂತಿರಲಿಲ್ಲ. "ನೋಡಿದ್ರಾ?" ಎಂದು ಹಿಂದೆ ತಿರುಗಿದೆ. ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ.